ಹೊಗೆ ಅವರದ್ದು, ನಷ್ಟ ನಮ್ಮದೇ?

ಪ್ರಶ್ನೆ: ಮೇಡಂ, ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಹೂಮಳೆ ಸಮಯಕ್ಕೆ ಬರುವುದಿಲ್ಲ. ಬೇಡದಾಗ ಸುರಿದು ಕಣದಲ್ಲಿ ಹರಡಿದ ಕಾಫಿ ನೆನೆಯುತ್ತದೆ. ಹವಾಮಾನ ಬದಲಾವಣೆ ಅಂತಾರೆ. ಪೆರು ದೇಶದ ರೈತರೊಬ್ಬರು ಜರ್ಮನಿಯ ಕರೆಂಟ್ ಕಂಪನಿ ಮೇಲೆ ಕೇಸು ಹಾಕಿ ಸೋತರು ಎಂದು ಓದಿದೆ. ಹಾಗಾದರೆ ಯಾರೂ ಹೊಣೆ ಅಲ್ವಾ?
– ಬೆಳೆಗಾರರೊಬ್ಬರು, ಕೊಡಗು

ಉತ್ತರ: ಸೋತರು, ನಿಜ. ಆದರೆ ಯಾವ ಕಾರಣಕ್ಕೆ ಸೋತರು ಅನ್ನುವುದನ್ನು ನೋಡಬೇಕು. ನಮ್ಮಂಥ ವಕೀಲರು ತೀರ್ಪಿನ ಕೊನೇ ಸಾಲಿಗಿಂತ ನಡುವಿನ ಪುಟಗಳನ್ನೇ ಜಾಸ್ತಿ ಓದುತ್ತೇವೆ.

ಆ ರೈತರ ಹೆಸರು ಸೌಲ್ ಲುಸಿಯಾನೊ ಲಿಯುಯಾ. ಆಂಡಿಸ್ ಬೆಟ್ಟಗಳ ಹುವಾರಾಸ್ ಊರಿನವರು, ಬೆಟ್ಟ ಹತ್ತುವವರಿಗೆ ಗೈಡ್ ಕೂಡ. ಊರಿನ ಮೇಲುಗಡೆ ಪಾಲ್ಕಕೋಚಾ ಅನ್ನುವ ಸರೋವರ ಇದೆ. 1941ರಲ್ಲಿ ಅದರ ಕಟ್ಟೆಯೊಡೆದು ನೀರು ಊರಿಗೆ ನುಗ್ಗಿ ಸಾವಿರಾರು ಜನ ಸತ್ತರು. ಈಗ ಮೇಲಿನ ಹಿಮ ಕರಗಿ ಸರೋವರ ಮತ್ತೆ ತುಂಬಿಕೊಂಡಿದೆ. 2015ರಲ್ಲಿ ಅವರು ಆರ್‌ಡಬ್ಲ್ಯುಇ ಕಂಪನಿ ಮೇಲೆ ಅದರದೇ ಊರಾದ ಎಸ್ಸೆನ್‌ನಲ್ಲಿ ದಾವೆ ಹೂಡಿದರು. ಜಗತ್ತಿನ ಕೈಗಾರಿಕೆಗಳು ಇಲ್ಲಿಯವರೆಗೆ ಬಿಟ್ಟ ಹೊಗೆಯಲ್ಲಿ ಈ ಕಂಪನಿಯ ಪಾಲು ಶೇ. 0.47 ಎಂದು ಒಂದು ಅಧ್ಯಯನ ಲೆಕ್ಕ ಹಾಕಿತ್ತು. 'ಊರು ಕಾಪಾಡುವ ಕೆಲಸದ ಖರ್ಚಿನಲ್ಲೂ ಅಷ್ಟೇ ಪಾಲು ಕೊಡಿ' ಎಂದರು. ಸುಮಾರು 17 ಸಾವಿರ ಯೂರೋ. ಕಂಪನಿಯ ವಕೀಲರ ಫೀಸೇ ಅದಕ್ಕಿಂತ ಜಾಸ್ತಿ ಆಗಿರಬೇಕು!

ಮೊದಲ ಕೋರ್ಟು ದಾವೆ ವಜಾ ಮಾಡಿತು. ಮೇಲ್ಮನವಿ ಹಾಮ್ ನಗರದ ಕೋರ್ಟಿಗೆ ಹೋಯಿತು. 2022ರಲ್ಲಿ ನ್ಯಾಯಾಧೀಶರೇ ಪೆರುವಿಗೆ ಹೋಗಿ ಸರೋವರ ನೋಡಿ ಬಂದರು. ನಮ್ಮಲ್ಲಿ ಜಮೀನು ತಕರಾರಿಗೆ ಕೋರ್ಟ್ ಕಮಿಷನರ್ ಬಂದು ಅಳತೆ ಮಾಡಿದರೇ ದೊಡ್ಡದು. 2025ರ ಮೇ 28ರಂದು ತೀರ್ಪು ಬಂತು. ಮುಂದಿನ 30 ವರ್ಷಗಳಲ್ಲಿ ನೀರು ಇವರ ಮನೆಗೆ ನುಗ್ಗುವ ಸಾಧ್ಯತೆ ಸುಮಾರು ಶೇ. 1 ಮಾತ್ರ, ಅಷ್ಟು ಸಾಲದು ಎಂದು ಮೇಲ್ಮನವಿಯೂ ವಜಾ ಆಯಿತು.

ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ. ದೊಡ್ಡ ಪ್ರಮಾಣದಲ್ಲಿ ಹೊಗೆ ಬಿಟ್ಟ ಕಂಪನಿಯನ್ನು ಹೊಣೆ ಮಾಡಲು ಜರ್ಮನಿಯ ಸಿವಿಲ್ ಕಾನೂನಿನಲ್ಲಿ ಅವಕಾಶ ಇದೆ. ಹೊಗೆ ಒಂದು ದೇಶದ್ದು, ಅಪಾಯ ಇನ್ನೊಂದು ದೇಶದಲ್ಲಿ ಅಂದರೂ ಬಿಡುವಂತಿಲ್ಲ. ಖರ್ಚನ್ನು ಹೊಗೆಯ ಪಾಲಿಗೆ ತಕ್ಕಂತೆ ಹೊರಿಸಬಹುದು. 'ಎಲ್ಲರೂ ಹೊಗೆ ಬಿಟ್ಟಿದ್ದಾರೆ, ನಮ್ಮನ್ನೇ ಯಾಕೆ ಹಿಡೀತೀರಿ' ಅನ್ನುವ ಹಳೇ ನೆಪಕ್ಕೆ ಇದು ನೇರ ಉತ್ತರ. ನನ್ನ ಪ್ರಕಾರ ಹೊಣೆ ಹಂಚಬೇಕಾದ ಸರಿಯಾದ ದಾರಿಯೂ ಇದೇ: ಬಿಟ್ಟಷ್ಟು ಹೊಗೆಗೆ ಅಷ್ಟು ಪಾಲು.

ಇನ್ನು ನಿಮ್ಮ ಕಥೆ. ಕೊಡಗಿನ ತೋಟದವರಿಗೆ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುವ ಒಳ್ಳೇ ಅಭ್ಯಾಸ ಇದೆ. ಅಜ್ಜನ ಕಾಲದ ಮಳೆ ಪುಸ್ತಕ ಅಟ್ಟದ ಮೇಲಿದ್ದರೆ ಇಳಿಸಿ, ಜೋಪಾನ ಮಾಡಿ. ಲಿಯುಯಾ ಅವರ ಕೇಸು ನಿಂತುಹೋಗಿದ್ದು ಸಾಕ್ಷ್ಯದ ಹತ್ತಿರವೇ. ನಮ್ಮ ಸುಪ್ರೀಂ ಕೋರ್ಟ್ 2024ರಲ್ಲಿ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಬರುವ ಹಕ್ಕು ಎಂದಿದೆ. ಅದನ್ನು ಹಿಡಿದು ನಾಳೆಯೇ ಪರಿಹಾರ ಸಿಗುತ್ತದೆ ಎಂದು ಸುಮ್ನೆ ಆಸೆ ಹುಟ್ಟಿಸಲಾರೆ. ಇನ್ನೊಂದು ಮಾತು, ಬೇಜಾರಾಗಬೇಡಿ: ಗುಡ್ಡ ಕಡಿದು ಹೋಂಸ್ಟೇ ಕಟ್ಟಿದ ಕಡೆ ಮಣ್ಣು ಕುಸಿದರೆ, ಅದರ ಪೂರ್ತಿ ಬಿಲ್ಲನ್ನು ಜರ್ಮನಿಗೆ ಕಳಿಸಲು ಆಗುವುದಿಲ್ಲ.

ಪ್ರಶ್ನೆ: ದೇಶ ದೇಶಗಳ ನಡುವೆ ಈ ಲೆಕ್ಕ ಇಲ್ವಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇದೆ, ಆದರೆ ಶ್ರೀಮಂತ ದೇಶಗಳು ಜಾಣತನದಿಂದ ಬಾಗಿಲು ಹಾಕಿಕೊಂಡಿವೆ. 2015ರ ಪ್ಯಾರಿಸ್ ಹವಾಮಾನ ಸಭೆಯ ನಿರ್ಣಯದಲ್ಲಿ, ನಷ್ಟಕ್ಕೆ ಸಂಬಂಧಿಸಿದ ವಿಧಿಯನ್ನು ಹಿಡಿದು ಯಾರೂ ಪರಿಹಾರ ಕೇಳುವಂತಿಲ್ಲ ಎಂದು ಬರೆಸಿದರು. 2022ರಲ್ಲಿ ಈಜಿಪ್ಟಿನ ಸಭೆಯಲ್ಲಿ ನಷ್ಟ ತುಂಬಲು ನಿಧಿ ಮಾಡಲು ಒಪ್ಪಿದರು. ಆದರೆ ಅದಕ್ಕೆ ಹಣ ಹಾಕುವುದು ಅವರವರ ಇಷ್ಟ. ಆಮೇಲೆ ಪೆಸಿಫಿಕ್ ಸಾಗರದ ಪುಟ್ಟ ದೇಶ ವನುವಾಟು ಮುಂದೆ ನಿಂತು ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಿಸಿತು. ಮೊದಲು ಈ ಮಾತು ಎತ್ತಿದವರು ಅಲ್ಲಿನ ಕಾನೂನು ವಿದ್ಯಾರ್ಥಿಗಳು, ನಿಮ್ಮ ವಯಸ್ಸಿನವರೇ! 2025ರ ಜುಲೈ 23ರಂದು ಉತ್ತರ ಬಂತು: ಹವಾಮಾನ ಕಾಪಾಡುವ ಕರ್ತವ್ಯ ತಪ್ಪಿದರೆ ಅದು ಕಾನೂನು ಉಲ್ಲಂಘನೆ, ಪರಿಹಾರ ಕೊಡಬೇಕಾಗಿ ಬರಬಹುದು. ಇದು ಸಲಹೆ ಮಾತ್ರ. ಆದರೂ ಮುಂದೆ ಕೇಸು ಹಾಕುವವರು ಇದನ್ನು ಖಂಡಿತ ಎತ್ತಿ ತೋರಿಸುತ್ತಾರೆ.

ಪ್ರಶ್ನೆ: ಈ ವಿಷಯದಲ್ಲಿ ಭಾರತ ನೊಂದವರ ಸಾಲಿನಲ್ಲೋ, ತಪ್ಪು ಮಾಡಿದವರ ಸಾಲಿನಲ್ಲೋ?
– ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಎರಡರಲ್ಲೂ ಇದೆ ಸರ್, ಆದರೆ ಸಮವಾಗಿ ಅಲ್ಲ. ವರ್ಷಕ್ಕೆ ತಲೆಗೆ ನಮ್ಮದು ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದವರದ್ದು ಸುಮಾರು 14. ಹಾಗಂತ ಪೂರ್ತಿ ಕೈತೊಳೆದುಕೊಳ್ಳುವಂತಿಲ್ಲ. ಆ 0.47ರ ಲೆಕ್ಕ ಬಂದ ಅಧ್ಯಯನದಲ್ಲೇ ನಮ್ಮ ಕೋಲ್ ಇಂಡಿಯಾ ಹೆಸರೂ ಇದೆ. ಹುವಾರಾಸಿನಿಂದ ಒಂದು ದಿನ ಕೊಲ್ಕತ್ತದಲ್ಲಿರುವ ಅದರ ಕಚೇರಿಗೂ ನೋಟಿಸ್ ಬರಬಹುದು.