ಕಳಸದ ದಾರಿ, ಅಮ್ಮನ ವಾಂತಿ

ಪ್ರಶ್ನೆ: ಕಳಸದ ಹತ್ತಿರದ ಹಳ್ಳಿಯಲ್ಲಿರುವ ಗೆಳೆಯರ ಮನೆಗೆ ಬೆಂಗಳೂರಿನಿಂದ ಕಾರಲ್ಲಿ ಹೊರಟಿದ್ದೇವೆ. ಅಮ್ಮನಿಗೆ ತಿರುವು ಬಂದರೆ ವಾಂತಿ. ಏನು ಮಾಡಲಿ?

ಉತ್ತರ: ಹಾಸನದವರೆಗೆ ಹೆದ್ದಾರಿ, ಚಿಂತೆಯಿಲ್ಲ. ಮೂಡಿಗೆರೆಯಲ್ಲಿ ಪೆಟ್ರೋಲ್ ತುಂಬಿಸಿ, ಅಮ್ಮನನ್ನು ಮುಂದಿನ ಸೀಟಿಗೆ ಕೂರಿಸಿ. ಕಿಟಕಿ ತೆಗೆದಿರಲಿ, ಕೈಗೆ ಮೊಬೈಲ್ ಬೇಡ. ಡಾಕ್ಟರ್ ಹೇಳಿದ ಮಾತ್ರೆಯನ್ನು ಹೊರಡುವ ಮೊದಲೇ ಕೊಡಿ. ತಲೆ ಸುತ್ತಿದ ಮೇಲೆ ನುಂಗಿ ಏನು ಬಂತು? ಕೊಟ್ಟಿಗೆಹಾರದಲ್ಲಿ ನೀರುದೋಸೆ ಬಿಡಬೇಡಿ. ತೆಳ್ಳಗೆ, ಬಿಸಿ ಬಿಸಿ, ಅಂಚಲ್ಲಿ ಜಾಲರಿ! ಆದರೆ ಅಮ್ಮನಿಗೆ ಎರಡೇ ಸಾಕು. (ನನ್ನ ಅತ್ತೆ ಕೇಳುವುದಿಲ್ಲ, ಅದು ಬೇರೆ ಮಾತು.) ಅಲ್ಲಿಂದ ಒಂದು ರಸ್ತೆ ಚಾರ್ಮಾಡಿ ಘಾಟಿಗೆ ಇಳಿಯುತ್ತದೆ, ಬೋರ್ಡ್ ನೋಡಿ ಕಳಸದ್ದು ಹಿಡಿಯಿರಿ. ಮಂಜು ಜಾಸ್ತಿ, ಕತ್ತಲಾಗುವ ಮುಂಚೆ ತಲುಪಿ. ಕಾಫಿ ಬೆಳೆಯುವ ಊರಿನ ಗೆಳೆಯರಿಗೆ ಕಾಫಿಪುಡಿ ಒಯ್ಯಬೇಡಿ ಮತ್ತೆ!