ಬಣ್ಣ ಬದಲಾದ್ರೆ ಹಳೇ ಕಾರು ಒರಿಜಿನಲ್ ಅಲ್ವಾ?

ನೀವು ಕೇಳಿರೋದು, ಅಪರೂಪದ ಹಳೇ ಕನ್ವರ್ಟಿಬಲ್‌ಗೆ ಯಾರೋ ಬೇರೆ ಬಣ್ಣ ಹೊಡೆಸಿ ಇಂಜಿನ್ನಿಗೂ ಕೈ ಹಾಕಿದ್ರೆ ಅದು ಉಳಿಸಿದ ಹಾಗಾ ಕೆಡಿಸಿದ ಹಾಗಾ ಅಂತ. ಉಳಿಸಿದ ಹಾಗೇ ಅಂತೀನಿ ನಾನು. ಅಂಥದ್ದೇ ಒಂದು ಕಾರು ನಮ್ಮನೆಯಿಂದ ಅರ್ಧ ಗಂಟೆ ದೂರದಲ್ಲಿದೆ, ಮಿಶಿಗನ್‌ನ ಡಿಯರ್‌ಬಾರ್ನ್‌ನಲ್ಲಿ, ಹೆನ್ರಿ ಫೋರ್ಡ್ ಮ್ಯೂಸಿಯಂ ಒಳಗೆ. ಊರಿಂದ ಯಾರು ಬಂದ್ರೂ ಕರ್ಕೊಂಡು ಹೋಗಿ ತೋರ್ಸೋದು ನನ್ನ ಡ್ಯೂಟಿ.

ಕಾರು ಬುಗಾಟಿ ಟೈಪ್ 41 ರೊಯಾಲ್. ಕಂಪನಿ ಕಟ್ಟಿದ ಎಟ್ಟೋರೆ ಬುಗಾಟಿ 25 ಮಾಡ್ಬೇಕು ಅಂತ ಹೊರಟಿದ್ದು, ಆಗಿದ್ದು ಆರೇ, ಅದ್ರಲ್ಲೂ ಹೊರಗಿನ ಗಿರಾಕಿಗಳು ತಗೊಂಡಿದ್ದು ಮೂರು. ಇಂಜಿನ್ 12.7 ಲೀಟರ್, ನಮ್ಮ ಮಾರುತಿ 800ದ ಇಂಜಿನ್ ಹದಿನಾರು ಒಟ್ಟು ಹಾಕಿದಷ್ಟು! ನಮ್ಮ ಮಾವ ಅದರ ಬಾನೆಟ್ ಉದ್ದಕ್ಕೂ ನಿಧಾನಕ್ಕೆ ನಡ್ಕೊಂಡು ಹೋಗಿ ರೇಡಿಯೇಟರ್ ಮುಚ್ಚಳದ ಮೇಲೆ ಹಿಂಗಾಲಲ್ಲಿ ನಿಂತಿರೋ ಪುಟ್ಟ ಆನೆ ನೋಡಿ "ಇದರ ಮೇಲೆ ಒಂದು ಪಂಕ್ತಿ ಊಟಕ್ಕೆ ಎಲೆ ಹಾಕ್ಬೋದಲ್ಲಯ್ಯಾ" ಅಂದ್ರು.

1932ರಲ್ಲಿ ಇದನ್ನ ತಗೊಂಡವರು ಯೋಸೆಫ್ ಫುಕ್ಸ್ ಅಂತ ಜರ್ಮನಿಯ ಹೆರಿಗೆ ಡಾಕ್ಟರು, ಬಾಡಿ ಕಟ್ಟಿದ್ದು ಮ್ಯೂನಿಕ್‌ನ ಲುಡ್ವಿಗ್ ವೈನ್‌ಬರ್ಗರ್, ಬಣ್ಣ ಕಪ್ಪು ಹಳದಿ. ಆಮೇಲೆ ಅಲ್ಲಿ ಪರಿಸ್ಥಿತಿ ಕೆಟ್ಟು ಡಾಕ್ಟರು ದೇಶ ಬಿಟ್ಟು ಸುತ್ತಿ ಬಳಸಿ 1937ರ ಹೊತ್ತಿಗೆ ನ್ಯೂಯಾರ್ಕ್ ಸೇರ್ಕೊಂಡ್ರು, ಕಾರೂ ಬಂತು, ಆದ್ರೆ ಅಲ್ಲಿನ ಚಳಿಗಾಲದಲ್ಲಿ ಒಳಗಿದ್ದ ನೀರು ಹೆಪ್ಪುಗಟ್ಟಿ ಇಂಜಿನ್ ಬ್ಲಾಕ್ ಬಿರುಕು ಬಿಡ್ತು. ನೀರು ಐಸ್ ಆದಾಗ ಹಿಗ್ಗತ್ತೆ, ಎರಕದ ಕಬ್ಬಿಣ ಹಿಗ್ಗಲ್ಲ, ಸೀಳತ್ತೆ. ಇದ್ರಲ್ಲಿ ಬ್ಲಾಕು, ಅದರ ಮೇಲಿನ ಮುಚ್ಚಳದಂಥ ಹೆಡ್ಡು ಎರಡೂ ಸೇರಿ ಒಂದೇ ಎರಕ ಬೇರೆ, ಹೆಡ್ ಬಿಚ್ಚಿ ನೋಡೋಣ ಅನ್ನೋ ಮಾತೇ ಇಲ್ಲ. ಕೊನೆಗೆ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಗುಜರಿ ಸೇರ್ತು.

1940ರ ದಶಕದಲ್ಲಿ ಅದನ್ನ ಗುಜರಿಯಿಂದ ಎತ್ಕೊಂಡು ಬಂದವರು ಚಾರ್ಲ್ಸ್ ಚೇಯ್ನ್, ಜನರಲ್ ಮೋಟರ್ಸ್‌ಗೆ ಸೇರಿದ ಬ್ಯೂಕ್ ಕಂಪನಿಯ ಚೀಫ್ ಇಂಜಿನಿಯರ್. ಕೊಟ್ಟಿದ್ದು 400 ಡಾಲರ್, ರಿಪೇರಿಗೆ ಅದರ ಎಷ್ಟೋ ಪಟ್ಟು ಸುರಿದ್ರು. ಇಂಜಿನಿಯರ್ ಅಲ್ವಾ, ಸುಮ್ನಿರಕ್ಕಾಗತ್ತಾ, ಒಂದು ಕಾರ್ಬುರೇಟರ್ ಇದ್ದ ಕಡೆ ನಾಲ್ಕು ಕೂರ್ಸಿದ್ರು, ಕಪ್ಪು ಹಳದಿ ಹೋಗಿ ಮುತ್ತಿನಂಥ ಬಿಳಿ ಬಂತು, ಅಂಚಿಗೂ ಟಾಪ್‌ಗೂ ಹಸಿರು. 1950ರ ದಶಕದ ಕೊನೇಲಿ ಮ್ಯೂಸಿಯಂಗೆ ಕೊಟ್ಬಿಟ್ರು. ಜನರಲ್ ಮೋಟರ್ಸ್ ಅನ್ನ ಉಂಡೋರು ತಗೊಂಡು ಹೋಗಿ ಎದುರಾಳಿ ಫೋರ್ಡ್ ಹೆಸರಿನ ಮ್ಯೂಸಿಯಂಗೆ ಕೊಟ್ಟಿದ್ದು ನೋಡಿ, ನಂಗೆ ಇದು ಬಹಳ ಇಷ್ಟ.

ಮತ್ತೆ ಕಪ್ಪು ಹಳದಿ ಹೊಡೆಸ್ಬೇಕು ಅನ್ನೋರು ಇದ್ದಾರೆ, ನಾನಂತೂ ಒಪ್ಪಲ್ಲ. ಬಿಳಿ ಬಣ್ಣ ಕೆರೆದು ಹಾಕಿದ್ರೆ ಗುಜರಿಯಿಂದ ಎತ್ತಿ ತಂದವನ ಗುರುತೂ ಅದ್ರ ಜೊತೆ ಹೋಗತ್ತೆ, ಡಾಕ್ಟರ ಕಾಲದ ಪೇಂಟ್ ಏನು ವಾಪಸ್ ಬರಲ್ಲ, ಬರೋದು ನಮ್ಮ ಕಾಲದ ಹೊಸ ಪೇಂಟು.

ನಿಜವಾಗಿ ಕೆಡಿಸಿದ್ದು ಯಾವ್ದು ಅಂದ್ರೆ ಇದರ ಅಣ್ಣನ ಕಥೆ. ಆರ್ಮಾಂಡ್ ಎಸ್ಡರ್ಸ್ ಅನ್ನೋ ಫ್ರಾನ್ಸಿನ ಬಟ್ಟೆ ವ್ಯಾಪಾರಿ ತಗೊಂಡ ರೊಯಾಲ್, ಅದೂ ಓಪನ್ ಕಾರೇ, ರಾತ್ರಿ ಓಡ್ಸಲ್ಲ ಅಂತ ಹೆಡ್‌ಲೈಟೇ ಬೇಡ ಅಂದಿದ್ದ ಮನುಷ್ಯ. ಮುಂದೆ ಕೈ ಬದಲಾದಾಗ ಆ ಬಾಡಿ ಕಿತ್ತು ಬಿಂಡರ್ ಅನ್ನೋ ಬಾಡಿ ಕಟ್ಟೋರ ಹತ್ರ ಬೇರೆ ಬಾಡಿ ಹಾಕಿಸಿದ್ರು. ಈಗ ಆ ರೋಡ್‌ಸ್ಟರ್ ನೋಡ್ಬೇಕು ಅಂದ್ರೆ ಫ್ರಾನ್ಸಿನ ಮುಲೂಸ್ ಮ್ಯೂಸಿಯಂಗೆ ಹೋಗಿ ನಕಲು ನೋಡ್ಬೇಕು ಅಷ್ಟೆ. ಅಲ್ಲಿ ದುಡ್ಡಿತ್ತು, ಬಾಡಿ ಹೋಯ್ತು. ಇಲ್ಲಿ ಗುಜರೀಲಿ ಯಾರಿಗೂ ಬೇಡವಾಗಿ ಬಿದ್ದಿತ್ತು, ವೈನ್‌ಬರ್ಗರ್ ಕಟ್ಟಿದ ಬಾಡಿ ಹಾಗೇ ಉಳೀತು.

ಅಂದಹಾಗೆ ಕಪ್ಪು ಹಳದಿ ಇದ್ದಾಗಿನ ಫೋಟೋ ಹುಡುಕೋಕೆ ಹೋದ್ರೆ ಮೊದ್ಲೇ ಹೇಳ್ತೀನಿ, ಆ ಕಾಲದ್ದೆಲ್ಲ ಬ್ಲಾಕ್ ಅಂಡ್ ವೈಟ್. ಹಳದಿ ಬರೀ ಬೂದಿ ಬಣ್ಣ ಕಾಣತ್ತೆ.