ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್‌ನಲ್ಲಿ, ಅಂದರೆ ಕಾಲು ಅಲುಗಿಸಲೇಬೇಕು ಎನಿಸುವ ತೊಂದರೆಯಲ್ಲಿ, ಕಾಲು ತಾನಾಗಿ ಅಲುಗುತ್ತದೆಯೇ, ನಾವೇ ಅಲುಗಿಸುತ್ತೇವೆಯೇ?

ಎರಡೂ ಹೌದು. ಎಚ್ಚರವಿದ್ದಾಗ ಹೆಚ್ಚಾಗಿ ನಾವೇ ಅಲುಗಿಸುತ್ತೇವೆ. ನಿದ್ದೆಯಲ್ಲಿ ಅದು ತಾನಾಗಿ ಎಗರುತ್ತದೆ.

ರಾತ್ರಿ ಕಾಲು ಚಾಚಿದರೆ ಸಾಕು, ಮೀನಖಂಡದೊಳಗೆ ಇರುವೆ ಹರಿದಂತೆ, ಯಾರೋ ಸೆಳೆದಂತೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಹಾಯೆನಿಸುತ್ತದೆ, ಮಲಗಿದರೆ ಮತ್ತೆ ಶುರು. ಅಲುಗಿಸುವುದು ನಾವೇ ಆದರೂ ಆ ತುಡಿತ ನಮ್ಮ ಕೈಯಲ್ಲಿಲ್ಲ. ‘ಸುಮ್ಮನೆ ಮಲಗಬಾರದಾ’ ಎಂದು ದಯವಿಟ್ಟು ಗದರಬೇಡಿ.

ನಿದ್ದೆಯಲ್ಲಾದರೆ ಹೆಬ್ಬೆರಳು ಮೇಲೆದ್ದು ಪಾದ ಮಡಚಿಕೊಳ್ಳುತ್ತದೆ, ಕೆಲವೊಮ್ಮೆ ಮಂಡಿಯೂ ಬಾಗುತ್ತದೆ. ಸಾಮಾನ್ಯವಾಗಿ 20ರಿಂದ 40 ಸೆಕೆಂಡಿಗೊಮ್ಮೆ. ಮಲಗಿದವರಿಗೆ ಗೊತ್ತಾಗುವುದೇ ಕಡಿಮೆ, ಒದೆ ತಿಂದು ಏಳುವುದು ಪಕ್ಕದವರು.

ಮಿದುಳಿನಲ್ಲಿ ಕಬ್ಬಿಣಾಂಶ ಕುಗ್ಗಿದಾಗ, ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕ ಏರುಪೇರಾಗುವುದು ಇದಕ್ಕೆ ಮುಖ್ಯ ಕಾರಣ ಎಂದು ನಂಬಲಾಗಿದೆ. ಹಾಗಾಗಿ ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನು, ಎಷ್ಟಿದೆ ಎಂದು ರಕ್ತಪರೀಕ್ಷೆ ಮಾಡಿಸಿ.